ಕೃಷ್ಣವಿವರವೂ ಗೆಲಾಕ್ಸಿಗಳ ಗುಚ್ಛವೂ

"ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು" ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಪುಟ್ಟ ವಟುವಾಗಿ ಬಂದ ವಾಮನನು ಮೂರು ಹೆಜ್ಜೆಗಳಲ್ಲಿ ಮೂರು ಲೋಕಗಳನ್ನು ಅಳೆದ ಕಥೆಯೂ ನಮ್ಮಲ್ಲಿ ಮನೆಮಾತಾಗಿದೆ. ಈ ಮಾತಿಗೆ ಸೃಷ್ಟಿಯಲ್ಲಿಯೇ ಹಿರಿದಾದ ನಿದರ್ಶನ ಯಾವುದೆಂದು ಇಂದಿನ ಖಗೋಳವಿಜ್ಞಾನಿಗಳನ್ನು ಕೇಳಿದರೆ, ಅವರು ಗೆಲಾಕ್ಸಿ ಗುಚ್ಛಗಳ ನಡುವೆ ನೆಲೆಸಿರುವ ಬೃಹತ್ ಕೃಷ್ಣವಿವರಗಳ ಕಡೆಗೆ ಬೆರಳು ತೋರಿಸುತ್ತಾರೆ. ಕೃಷ್ಣವಿವರವೆಂದೊಡನೆ ಜನಸಾಮಾನ್ಯರ ಮನಸ್ಸಿನಲ್ಲಿ ಮೂಡುವುದು ಸಿಕ್ಕಿದ್ದನ್ನೆಲ್ಲ ನುಂಗುವ ಬಕಾಸುರನ ಚಿತ್ರ. ಆ ಚಿತ್ರ ಅರ್ಧಸತ್ಯ ಮಾತ್ರವೆಂಬುದು ಕಳೆದ ಕೆಲವು ದಶಕಗಳ ಸಂಶೋಧನೆಯಿಂದ ಸ್ಪಷ್ಟವಾಗಿದೆ. ತನ್ನ ಸುತ್ತಲಿನ ವಿಶಾಲ ಲೋಕವು ತಣ್ಣಗಾಗದಂತೆ ನೋಡಿಕೊಳ್ಳುವುದೂ ಅದರ ಕೆಲಸಗಳಲ್ಲೊಂದು. ಆ ಲೋಕವಾದರೋ ಪ್ರತಿಯಾಗಿ ಕೃಷ್ಣವಿವರದ ಹಸಿವನ್ನು ಹದ್ದಿನಲ್ಲಿಡುತ್ತದೆ. ಇಬ್ಬರಲ್ಲಿ ಯಾರೂ ಯಜಮಾನರಲ್ಲ, ಯಾರೂ ಆಳಲ್ಲ.

ನಕ್ಷತ್ರಗಳ ಮಹಾಸಮುದಾಯಕ್ಕೆ ಗೆಲಾಕ್ಸಿ ಎಂದು ಹೆಸರು. ನಮ್ಮ ಸೂರ್ಯನು ಸೇರಿರುವ ಆಕಾಶಗಂಗೆ ಅಂಥದೊಂದು ಗೆಲಾಕ್ಸಿ. ಅದರಲ್ಲಿ ಹತ್ತು ಸಾವಿರ ಕೋಟಿಗೂ ಮಿಕ್ಕ ನಕ್ಷತ್ರಗಳಿವೆ. ಇಂಥ ನೂರಾರು, ಕೆಲವೆಡೆ ಸಾವಿರಾರು, ಗೆಲಾಕ್ಸಿಗಳು ಪರಸ್ಪರ ಗುರುತ್ವಾಕರ್ಷಣೆಗೆ ಒಳಗಾಗಿ ಒಂದೆಡೆ ನೆಲೆಸಿದಾಗ ಅದು ಗೆಲಾಕ್ಸಿ ಗುಚ್ಛವೆನಿಸುತ್ತದೆ. ಗುಚ್ಛದ ನಟ್ಟನಡುವೆ ಸಾಮಾನ್ಯವಾಗಿ ಒಂದು ದೈತ್ಯ ಗೆಲಾಕ್ಸಿಯೂ, ಆ ಗೆಲಾಕ್ಸಿಯ ಗರ್ಭದಲ್ಲಿ ಒಂದು ದೈತ್ಯ ಕೃಷ್ಣವಿವರವೂ ಇರುತ್ತವೆ. ನಮಗೆ ಸಮೀಪದ ದೊಡ್ಡ ಗುಚ್ಛ ಕನ್ಯಾರಾಶಿಯ ದಿಕ್ಕಿನಲ್ಲಿದೆ. ಅದರ ಹೃದಯಭಾಗದಲ್ಲಿರುವ ಎಂ 87 ಎಂಬ ಗೆಲಾಕ್ಸಿಯು ಸುಮಾರು 5.5 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿದೆ. ಅಲ್ಲಿನ ಕೃಷ್ಣವಿವರದ ತೂಕ 650 ಕೋಟಿ ಸೂರ್ಯರಷ್ಟು. 2019ನೆಯ ಇಸವಿ ಏಪ್ರಿಲ್ 10ರಂದು ಜಗತ್ತಿನ ಮುಂದೆ ಪ್ರಕಟವಾದ ಮೊತ್ತಮೊದಲ ಕೃಷ್ಣವಿವರದ ಚಿತ್ರ ಇದರದೇ.

ರಾಗಿಯ ಕಾಳಿನ ಲೆಕ್ಕ

650 ಕೋಟಿ ಸೂರ್ಯರ ತೂಕವೆಂದರೆ ಭಾರೀ ಗಾತ್ರವಿರಬೇಕೆಂದು ತೋರುವುದು ಸಹಜ. ಆದರೆ ಈ ಕೃಷ್ಣವಿವರವನ್ನು ಅಡ್ಡಹಾಯಲು ಬೆಳಕಿಗೆ ಸುಮಾರು ಒಂದೂವರೆ ದಿನ ಸಾಕು. ದೊಡ್ಡ ಗುಚ್ಛವೊಂದನ್ನು ಹಾಯಲು ಅದೇ ಬೆಳಕಿಗೆ ಸುಮಾರು ಒಂದು ಕೋಟಿ ವರ್ಷ ಬೇಕು. ಈ ಅಂತರವನ್ನು ಮನಸ್ಸಿಗೆ ತಂದುಕೊಳ್ಳಲು ಒಂದು ರಾಗಿಯ ಕಾಳನ್ನು ವಿಜಯವಾಡದಲ್ಲಿ ಕೃಷ್ಣಾ ನದಿಯ ದಡದ ಮೇಲೆ ಇಟ್ಟಂತೆ ಭಾವಿಸೋಣ. ಆ ಕಾಳು ಎಂ 87ರ ಕೃಷ್ಣವಿವರವಾದರೆ, ಇಡೀ ಗುಚ್ಛವು ಕಾಶ್ಮೀರದಿಂದ ಕನ್ಯಾಕುಮಾರಿಯವರೆಗಿನ ಭಾರತವನ್ನೂ ಮೀರಿ ಹರಡುತ್ತದೆ. ಹತ್ತು ಲಕ್ಷ ಜ್ಯೋತಿರ್ವರ್ಷವೆಂಬುದು ಈ ಅಳತೆಯಲ್ಲಿ ಸರಿಸುಮಾರು ವಿಜಯವಾಡಕ್ಕೂ ವಿಶಾಖಪಟ್ಟಣಕ್ಕೂ ಇರುವ ದೂರ. ವಿಜಯವಾಡದಲ್ಲಿರುವ ಒಂದು ರಾಗಿಯ ಕಾಳು ವಿಶಾಖಪಟ್ಟಣದ ಗಾಳಿ ಎಷ್ಟು ಬಿಸಿಯಿರಬೇಕೆಂಬುದನ್ನು ನಿರ್ಧರಿಸುತ್ತದೆ ಎಂದರೆ ಯಾರು ನಂಬಿಯಾರು? ಆದರೂ ಗುಚ್ಛಗಳಲ್ಲಿ ನಡೆಯುತ್ತಿರುವುದು ಇಂಥದೇ ವ್ಯಾಪಾರ.

ಗುಚ್ಛದ ಆಸ್ತಿಯನ್ನು ನೂರು ರೂಪಾಯಿ ಎಂದಿಟ್ಟುಕೊಂಡರೆ, ಎಂಬತ್ತಕ್ಕೂ ಮಿಕ್ಕ ರೂಪಾಯಿ ಕಣ್ಣಿಗಾಗಲಿ ಉಪಕರಣಕ್ಕಾಗಲಿ ನೇರವಾಗಿ ಕಾಣದ ಅಗೋಚರ ದ್ರವ್ಯದ ರೂಪದಲ್ಲಿದೆ. ಇಂಥ ದ್ರವ್ಯ ಇರಬೇಕೆಂದು 1933ರಲ್ಲಿಯೇ ಫ್ರಿಟ್ಸ್ ಜ್ವಿಕಿ ಎಂಬ ವಿಜ್ಞಾನಿ ಕೋಮಾ ಗುಚ್ಛದ ಗೆಲಾಕ್ಸಿಗಳ ವೇಗದಿಂದ ಊಹಿಸಿದನು. ಎಲ್ಲ ಗೆಲಾಕ್ಸಿಗಳ ಎಲ್ಲ ನಕ್ಷತ್ರಗಳನ್ನು ಒಟ್ಟುಗೂಡಿಸಿದರೂ ಎರಡು ಮೂರು ರೂಪಾಯಿಯಷ್ಟೇ ಆದೀತು. ಉಳಿದ ಹತ್ತು ಹದಿನೈದು ರೂಪಾಯಿ ಗೆಲಾಕ್ಸಿಗಳ ನಡುವಣ ಬಯಲಲ್ಲಿ ತುಂಬಿರುವ ಅನಿಲದ ರೂಪದಲ್ಲಿದೆ. ಈ ಅನಿಲದ ಉಷ್ಣತೆ ಒಂದರಿಂದ ಹತ್ತು ಕೋಟಿ ಡಿಗ್ರಿ. ಇದು ಅತಿ ವಿರಳವಾದುದು. ಗುಚ್ಛದ ನಡುಭಾಗದಲ್ಲಿಯೂ ಒಂದು ಲೀಟರು ಜಾಗದಲ್ಲಿ ಹತ್ತಾರು ಕಣಗಳು ಸಿಕ್ಕಾವು. ಇಷ್ಟು ಕಾದ ಅನಿಲವು ಬೆಳಗುವುದು ಕಣ್ಣಿಗೆ ಕಾಣುವ ಬೆಳಕಿನಲ್ಲಲ್ಲ, ಕ್ಷ-ಕಿರಣಗಳಲ್ಲಿ. ವಾಯುಮಂಡಲವು ಆ ಕಿರಣಗಳನ್ನು ನೆಲ ಮುಟ್ಟಗೊಡುವುದಿಲ್ಲವಾದುದರಿಂದ, 1970ರ ಡಿಸೆಂಬರಿನಲ್ಲಿ ಕೀನ್ಯಾದ ಕರಾವಳಿಯಿಂದ ಹಾರಿದ ಉಹುರು ಉಪಗ್ರಹದಂಥ ಸಾಧನಗಳು ಬರುವವರೆಗೆ ಗುಚ್ಛಗಳ ಈ ಸಂಪತ್ತು ಬಹುಮಟ್ಟಿಗೆ ಅಜ್ಞಾತವಾಗಿಯೇ ಉಳಿದಿತ್ತು.

ಗುಂಟೂರಿನ ಗ್ರಹಣ, ವಿಶಾಖಪಟ್ಟಣದ ವೀಕ್ಷಣಾಲಯ

ಕೋಟ್ಯಂತರ ಜ್ಯೋತಿರ್ವರ್ಷ ದೂರದ ಅನಿಲ ಏನೆಂಬುದನ್ನೂ ಎಷ್ಟು ಬಿಸಿ ಎಂಬುದನ್ನೂ ಮನುಷ್ಯನು ಅರಿಯುವುದು ಹೇಗೆ? ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಓದುವ ರೋಹಿತದರ್ಶಕದಿಂದ. ಈ ವಿದ್ಯೆಯ ಚರಿತ್ರೆಯಲ್ಲಿ ಆಂಧ್ರದ ನೆಲಕ್ಕೂ ಕನ್ನಡದ ನೆಲಕ್ಕೂ ಒಂದು ಹೆಮ್ಮೆಯ ಪಾಲಿದೆ. 1868ನೆಯ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ನೆರಳು ಕರ್ನಾಟಕದ ಜಮಖಂಡಿಯ ಮೇಲೆ ಹಾದು ಗುಂಟೂರು, ಮಚಲೀಪಟ್ಟಣಗಳ ಕಡೆಗೆ ಸಾಗಿತು. ಜಮಖಂಡಿಯಲ್ಲಿ, ಹೆಸರಾಂತ ಖಗೋಳಜ್ಞ ವಿಲಿಯಂ ಹರ್ಷೆಲ್‌ನ ಮೊಮ್ಮಗ ಜಾನ್ ಹರ್ಷೆಲ್ ಬೀಡುಬಿಟ್ಟಿದ್ದನು. ವಿಜಯವಾಡದಿಂದ ಮೂವತ್ತೈದು ಕಿಲೋಮೀಟರಿನಷ್ಟೇ ದೂರವಿರುವ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಇದ್ದನು. ಸೂರ್ಯನ ಅಂಚಿನಿಂದ ಚಿಮ್ಮುವ ಜ್ವಾಲೆಗಳು ಕಾದ ಅನಿಲವೆಂಬುದು ಅಂದು ಸಿದ್ಧವಾಯಿತು. ಆ ದಿನಗಳಲ್ಲಿ ಕಾಣಿಸಿಕೊಂಡ ಒಂದು ಹಳದಿ ಗೆರೆಯೇ ಮುಂದೆ ಹೀಲಿಯಂ ಎಂಬ ಮೂಲವಸ್ತುವಿನ ಪತ್ತೆಗೆ ಕಾರಣವಾಯಿತು. ಗುಚ್ಛಗಳ ಅನಿಲದಲ್ಲಿ ಜಲಜನಕದ ತರುವಾಯ ಹೇರಳವಾಗಿರುವುದು ಇದೇ ಹೀಲಿಯಂ.

ಆ ಕಾಲದಲ್ಲಿ ವಿಶಾಖಪಟ್ಟಣವೂ ಆಕಾಶದ ಕಡೆಗೆ ಕಣ್ಣು ಮುಚ್ಚಿ ಕುಳಿತಿರಲಿಲ್ಲ. ಅಲ್ಲಿನ ಶ್ರೀಮಂತ ಜಮೀನ್ದಾರ ಮನೆತನದ ಗೋಡೆ ವೆಂಕಟ ಜಗ್ಗರಾವು ಅವರು 1840ರ ಸುಮಾರಿಗೆ ಸ್ವಂತ ಹಣದಿಂದ ಒಂದು ವೀಕ್ಷಣಾಲಯವನ್ನು ಸ್ಥಾಪಿಸಿದರು. ಅವರು ಅಲ್ಪಾಯುಷಿಗಳಾಗಿ 1856ರಲ್ಲಿ ತೀರಿಕೊಂಡ ಬಳಿಕ ಅಳಿಯ ಅಂಕಿತಂ ವೆಂಕಟ ನರಸಿಂಗರಾವು ಅವರು ಅದನ್ನು ಮುಂದುವರಿಸಿ, 1868ರ ಬುಧ ಸಂಕ್ರಮಣವನ್ನೂ 1874ರ ಶುಕ್ರ ಸಂಕ್ರಮಣವನ್ನೂ ವೀಕ್ಷಿಸಿದರು. ಯಾವ ಪ್ರತಿಫಲವನ್ನೂ ಬಯಸದೆ ಹೂಡಿದ ಇಂಥ ಬಂಡವಾಳಗಳ ಮೇಲೆಯೇ ಈ ಶಾಸ್ತ್ರ ನಿಂತಿದೆ.

ಮರುವರ್ಷ, 1869ರಲ್ಲಿ, ಅಮೆರಿಕದಲ್ಲಿ ಕಂಡ ಗ್ರಹಣದ ಕಾಲಕ್ಕೆ ಸೂರ್ಯನ ಹೊರಗಣ ಪ್ರಭಾವಲಯದಲ್ಲಿ ಒಂದು ಹಸಿರು ಗೆರೆ ಕಾಣಿಸಿತು. ಅದು ಹೊಸ ಮೂಲವಸ್ತುವಿನದೆಂದು ಬಹುಕಾಲ ಭಾವಿಸಲಾಗಿತ್ತು. 1940ರ ಆಸುಪಾಸಿನಲ್ಲಿ ಗ್ರೋಟ್ರಿಯಾನ್ ಮತ್ತು ಎಡ್ಲೆನ್ ಎಂಬುವರು ಅದು ನಮ್ಮ ಸಾಮಾನ್ಯ ಕಬ್ಬಿಣವೇ, ಆದರೆ ತನ್ನ 26 ಎಲೆಕ್ಟ್ರಾನುಗಳಲ್ಲಿ 13ನ್ನು ಕಳೆದುಕೊಂಡ ಕಬ್ಬಿಣ ಎಂದು ತೋರಿಸಿದರು. ಹತ್ತು ಲಕ್ಷ ಡಿಗ್ರಿಗೂ ಮೀರಿದ ಬಿಸಿಯಲ್ಲದೆ ಇಂಥ ಲೂಟಿ ಸಾಧ್ಯವಿಲ್ಲ. 1976ರಲ್ಲಿ ಬ್ರಿಟನ್ನಿನ ಏರಿಯಲ್-5 ಉಪಗ್ರಹವು ಪರ್ಸಿಯಸ್ ಗುಚ್ಛದ ಕ್ಷ-ಕಿರಣಗಳಲ್ಲಿಯೂ ಕಬ್ಬಿಣದ ಗೆರೆಯನ್ನು ಕಂಡಿತು. ಅಲ್ಲಿನ ಕಬ್ಬಿಣವು 24 ಎಲೆಕ್ಟ್ರಾನುಗಳನ್ನು ನೀಗಿಕೊಂಡಿತ್ತು. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಿ ಗೋದಾವರಿ, ಕೃಷ್ಣಾ ಎಂಬ ಹೆಸರುಗಳುಳ್ಳ ಊದುಕುಲುಮೆಗಳಿವೆ. ಅವುಗಳಿಂದ ಹರಿಯುವ ಕಬ್ಬಿಣದ ಬಿಸಿ ಸುಮಾರು 1,500 ಡಿಗ್ರಿ. ಗುಚ್ಛದ ಕಬ್ಬಿಣ ಅದರ ಸಾವಿರಾರು ಮಡಿ ಬಿಸಿ. ಆ ಕಬ್ಬಿಣವು ನಕ್ಷತ್ರಗಳು ಸಿಡಿದು ಸತ್ತಾಗ ಹೊರಬಿದ್ದುದು.

ತಾಳೆಯಾಗದ ಖಾತೆ

ಹೀಗೆ ಅನಿಲದ ಉಷ್ಣತೆಯೂ ಸಾಂದ್ರತೆಯೂ ತಿಳಿದ ಮೇಲೆ ವಿಜ್ಞಾನಿಗಳಿಗೆ ಒಂದು ಹೊಸ ತಲೆನೋವು ಪ್ರಾಪ್ತವಾಯಿತು. ಕ್ಷ-ಕಿರಣಗಳನ್ನು ಸೂಸುವುದೆಂದರೆ ಶಕ್ತಿಯನ್ನು ಖರ್ಚು ಮಾಡುವುದು. ಆದಾಯವಿಲ್ಲದೆ ಖರ್ಚು ನಡೆದರೆ ಯಾವ ಖಾತೆಯಾದರೂ ಬರಿದಾಗಲೇಬೇಕು. ಗುಚ್ಛದ ನಡುಭಾಗದಲ್ಲಿ ಅನಿಲವು ದಟ್ಟವಾಗಿರುವುದರಿಂದ ಅಲ್ಲಿ ಖರ್ಚು ಅತಿ ಹೆಚ್ಚು. ಗುಚ್ಛದ ವಯಸ್ಸಿಗೆ ಹೋಲಿಸಿದರೆ ಬಹಳ ಬೇಗ ಆ ಅನಿಲ ತಣ್ಣಗಾಗಿ, ಒಳಕ್ಕೆ ಕುಸಿದು, ಹೊಸ ನಕ್ಷತ್ರಗಳಾಗಿ ಗರಣೆಗಟ್ಟಬೇಕು. ದೊಡ್ಡ ಗುಚ್ಛಗಳಲ್ಲಿ ವರ್ಷಕ್ಕೆ ನೂರಾರು ಸೂರ್ಯರ ತೂಕದ ಅನಿಲ ಹೀಗೆ ತಣಿಯುತ್ತಿರಬೇಕೆಂದು 1977ರಿಂದ ಈಚೆಗೆ ಹಲವರು ಲೆಕ್ಕ ಹಾಕಿದರು.

ಆದರೆ ಹುಡುಕಿದಷ್ಟೂ ಆ ತಣ್ಣನೆಯ ಅನಿಲ ದೊರೆಯಲಿಲ್ಲ. ಅಷ್ಟು ಪ್ರಮಾಣದ ಎಳೆಯ ನಕ್ಷತ್ರಗಳೂ ಕಾಣಲಿಲ್ಲ. 1999ರಲ್ಲಿ ಹಾರಿದ ಚಂದ್ರ ಮತ್ತು ಎಕ್ಸ್‌ಎಂಎಂ-ನ್ಯೂಟನ್ ಎಂಬ ಕ್ಷ-ಕಿರಣ ದೂರದರ್ಶಕಗಳು ಸಂಶಯಕ್ಕೆ ಎಡೆಯೇ ಇಲ್ಲದಂತೆ ಮಾಡಿದವು. (ಮೊದಲನೆಯದು ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರನ್ನು ಹೊತ್ತದ್ದು.) ಅನಿಲವು ಒಂದು ಮಟ್ಟದವರೆಗೆ ತಣಿದು, ಅದರ ಕೆಳಗೆ ಇಳಿಯಲು ನಿರಾಕರಿಸುತ್ತಿತ್ತು. ಖರ್ಚು ಕಣ್ಣೆದುರಿಗಿದೆ, ಶಿಲ್ಕು ಕಡಿಮೆಯಾಗುತ್ತಿಲ್ಲ. ಹಾಗಾದರೆ ಖಾತೆಗೆ ಯಾರೋ ಗುಟ್ಟಾಗಿ ಜಮಾ ಮಾಡುತ್ತಿರಬೇಕು. ಆ ದಾನಿ ಯಾರು?

ಗುಳ್ಳೆಗಳು ನುಡಿದ ಸಾಕ್ಷ್ಯ

ಸಾಕ್ಷ್ಯ ದೊರೆತದ್ದು ಸುಮಾರು 24 ಕೋಟಿ ಜ್ಯೋತಿರ್ವರ್ಷ ದೂರದ ಅದೇ ಪರ್ಸಿಯಸ್ ಗುಚ್ಛದಲ್ಲಿ. 1993ರಲ್ಲಿ ರೋಸ್ಯಾಟ್ ಉಪಗ್ರಹದ ಚಿತ್ರಗಳಲ್ಲಿ, ನಡುವಣ ಗೆಲಾಕ್ಸಿಯ ಇಕ್ಕೆಲಗಳಲ್ಲಿ ಕ್ಷ-ಕಿರಣ ಮಂಕಾಗಿರುವ ಎರಡು ಪೊಳ್ಳುಗಳು ಕಾಣಿಸಿದವು. ರೇಡಿಯೋ ದೂರದರ್ಶಕಗಳು ನೋಡಿದಾಗ ಅದೇ ಜಾಗಗಳಲ್ಲಿ ರೇಡಿಯೋ ಅಲೆಗಳನ್ನು ಸೂಸುವ ಕಣಗಳು ತುಂಬಿದ್ದವು. ಕೃಷ್ಣವಿವರದ ಬಾಗಿಲಿನಿಂದ ಎರಡು ದಿಕ್ಕಿಗೆ ಚಿಮ್ಮಿದ ಕಾರಂಜಿಗಳು ಬಿಸಿ ಅನಿಲವನ್ನು ಬದಿಗೆ ತಳ್ಳಿ ಗುಳ್ಳೆಗಳನ್ನು ಊದಿದ್ದವು.

ಕೃಷ್ಣವಿವರದೊಳಗೆ ಬಿದ್ದದ್ದು ಮರಳದು ಎಂಬುದು ನಿಜ. ಆದರೆ ಬೀಳುವ ವಸ್ತುವು ನೇರವಾಗಿ ಬೀಳದೆ, ಬಚ್ಚಲಿನ ತೂತಿನ ಸುತ್ತ ಸುತ್ತುವ ನೀರಿನಂತೆ ತಟ್ಟೆಯಾಗಿ ಸುತ್ತುತ್ತದೆ. ಸುತ್ತುವಾಗ ಕಾದು, ತನ್ನ ತೂಕದ ಸುಮಾರು ಹತ್ತನೆಯ ಒಂದು ಪಾಲಿನಷ್ಟನ್ನು ಶಕ್ತಿಯಾಗಿ ಬಿಟ್ಟುಕೊಡಬಲ್ಲುದು. ಸೂರ್ಯನೊಳಗೆ ಜಲಜನಕ ಹೀಲಿಯಂ ಆಗುವಾಗ ಶಕ್ತಿಯಾಗುವ ಪಾಲು ನೂರಕ್ಕೆ ಒಂದೂ ಇಲ್ಲ. ರಾಗಿಯ ಕಾಳಿನ ಪ್ರತಾಪದ ಗುಟ್ಟು ಇದೇ. ಎಂ 87ರಿಂದ ಹೊಮ್ಮುವ ಇಂಥ ಕಾರಂಜಿಯನ್ನು 1918ರಷ್ಟು ಹಿಂದೆಯೇ ಹೀಬರ್ ಕರ್ಟಿಸ್ ಎಂಬಾತ ಒಂದು ವಿಚಿತ್ರ ನೇರ ಕಿರಣವೆಂದು ಗುರುತಿಸಿದ್ದನು.

2003ರಲ್ಲಿ ಕೇಂಬ್ರಿಜ್ಜಿನ ಆಂಡ್ರ್ಯೂ ಫೇಬಿಯನ್ ಮತ್ತು ಸಂಗಡಿಗರು ಪರ್ಸಿಯಸ್ಸಿನ ಅನಿಲದಲ್ಲಿ, ಕೊಳಕ್ಕೆ ಕಲ್ಲೆಸೆದಾಗ ಏಳುವಂಥ ಅಲೆಗಳನ್ನು ಪ್ರಕಟಿಸಿದರು. ಅವು ಶಬ್ದದ ಅಲೆಗಳು. ಒಂದು ಅಲೆಗೂ ಮುಂದಿನ ಅಲೆಗೂ ನಡುವಿನ ಕಾಲ ಸುಮಾರು ಒಂದು ಕೋಟಿ ವರ್ಷ. ಪಿಯಾನೋದ ನಡುವಣ ಸ್ವರಕ್ಕಿಂತ 57 ಸಪ್ತಕಗಳಷ್ಟು ಕೆಳಗಿನ ಈ ಮಂದ್ರವನ್ನು ಕೇಳಬಲ್ಲ ಕಿವಿ ಯಾವ ಜೀವಿಗೂ ಇಲ್ಲ. 2005ರಲ್ಲಿ 260 ಕೋಟಿ ಜ್ಯೋತಿರ್ವರ್ಷ ದೂರದ ಮತ್ತೊಂದು ಗುಚ್ಛದಲ್ಲಿ ತಲಾ ಆರು ಲಕ್ಷ ಜ್ಯೋತಿರ್ವರ್ಷ ಅಗಲದ ಎರಡು ಗುಳ್ಳೆಗಳು ಪತ್ತೆಯಾದವು. ಆ ಉತ್ಪಾತ ಸುಮಾರು ಹತ್ತು ಕೋಟಿ ವರ್ಷ ನಡೆದಿರಬೇಕು. ಹಲವಾರು ಗುಚ್ಛಗಳಲ್ಲಿ ಗುಳ್ಳೆ ಊದಲು ತಗುಲಿದ ಶಕ್ತಿಯನ್ನು ಲೆಕ್ಕ ಹಾಕಿದಾಗ, ಅದು ಅನಿಲವು ಕಳೆದುಕೊಳ್ಳುವ ಶಕ್ತಿಗೆ ಸರಿಸುಮಾರು ಹೊಂದಿತು. ಖಾತೆ ತಾಳೆಯಾಯಿತು.

ಗುಚ್ಛದ ಪ್ರತಿಕ್ರಿಯೆ

ಇಷ್ಟಾದರೂ ಕಥೆ ಮುಗಿಯುವುದಿಲ್ಲ. ಕೃಷ್ಣವಿವರ ಹೀಗೆ ಸರಿಯಾದ ಅಳತೆಯಲ್ಲಿಯೇ ಬಿಸಿಯನ್ನು ಕೊಡುವುದೇಕೆ? ಹೆಚ್ಚು ಕೊಟ್ಟು ಗುಚ್ಛವನ್ನು ಚದುರಿಸಬಹುದಿತ್ತು, ಕಡಿಮೆ ಕೊಟ್ಟು ತಣಿಸಬಹುದಿತ್ತು. ಉತ್ತರವಿರುವುದು ಅದರ ಆಹಾರದಲ್ಲಿ. ಅನಿಲ ತಣಿದಾಗ ಅದರಲ್ಲಿ ಅಲ್ಲಲ್ಲಿ ತಂಪಾದ ಮೋಡಗಳು ಗರಣೆಗಟ್ಟಿ ನಡುವಿಗೆ ಮಳೆಯಂತೆ ಬೀಳುತ್ತವೆ. 2016ರಲ್ಲಿ ಚಿಲಿ ದೇಶದ ಅಲ್ಮಾ ದೂರದರ್ಶಕವು, ಸುಮಾರು ನೂರು ಕೋಟಿ ಜ್ಯೋತಿರ್ವರ್ಷ ದೂರದ ಏಬೆಲ್ 2597 ಎಂಬ ಗುಚ್ಛದಲ್ಲಿ, ಇಂಥ ತಣ್ಣನೆಯ ಮೋಡಗಳು ಸೆಕೆಂಡಿಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ಕೃಷ್ಣವಿವರದತ್ತ ಧಾವಿಸುತ್ತಿರುವುದನ್ನು ಕಂಡಿತು. ಆಹಾರ ಬಿದ್ದೊಡನೆ ಕಾರಂಜಿ ಚಿಮ್ಮುತ್ತದೆ. ಕಾರಂಜಿ ಅನಿಲವನ್ನು ಕಾಯಿಸುತ್ತದೆ. ಕಾದ ಅನಿಲ ಮೋಡಗಟ್ಟದು. ಮೋಡವಿಲ್ಲದೆ ಕೃಷ್ಣವಿವರಕ್ಕೆ ಉಪವಾಸ. ಉಪವಾಸದಲ್ಲಿ ಕಾರಂಜಿ ಅಡಗುತ್ತದೆ. ಮತ್ತೆ ಅನಿಲ ತಣಿಯತೊಡಗುತ್ತದೆ.

ಕೃಷ್ಣಾ ನದಿಯ ನೀರು ಕರ್ನಾಟಕದ ಆಲಮಟ್ಟಿ, ನಾರಾಯಣಪುರಗಳನ್ನು ದಾಟಿ ವಿಜಯವಾಡಕ್ಕೆ ಬಂದು, 1957ರಲ್ಲಿ ಮುಗಿದ ಪ್ರಕಾಶಂ ಬ್ಯಾರೇಜಿನ ಬಾಗಿಲುಗಳ ಮುಂದೆ ನಿಲ್ಲುತ್ತದೆ. ಒಳಹರಿವು ಹೆಚ್ಚಿದಾಗ ಬಾಗಿಲುಗಳನ್ನು ಎತ್ತುತ್ತಾರೆ, ತಗ್ಗಿದಾಗ ಇಳಿಸುತ್ತಾರೆ. ಅಲ್ಲಿ ಈ ಕೆಲಸಕ್ಕೆ ಹಗಲಿರುಳು ಎಚ್ಚರವಿರುವ ಇಂಜಿನಿಯರುಗಳಿದ್ದಾರೆ. ಗುಚ್ಛದಲ್ಲಿ ಇಂಜಿನಿಯರಿಲ್ಲ; ಬರುವ ನೀರೇ ಬಾಗಿಲನ್ನು ತೆರೆದು ಮುಚ್ಚುತ್ತದೆ. ಆರೋಗ್ಯದ ಲೇಖನಗಳನ್ನು ಆಸಕ್ತಿಯಿಂದ ಓದುವವರಿಗೆ ಇನ್ನೂ ಸಮೀಪದ ಉದಾಹರಣೆಯಿದೆ. ಮೆದುಳಿನ ಬುಡದಲ್ಲಿರುವ ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿಯು ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುತ್ತದೆ. ರಕ್ತದಲ್ಲಿ ಥೈರಾಯ್ಡಿನ ರಸ ಸಾಕಷ್ಟಾದೊಡನೆ ಅದೇ ರಸವು ಪಿಟ್ಯುಟರಿಯನ್ನು ಸುಮ್ಮನಾಗಿಸುತ್ತದೆ. ಶರೀರದ ಸ್ವಾಸ್ಥ್ಯವಿರುವುದು ಈ ಕೊಡುಕೊಳುವಿಕೆಯಲ್ಲಿ.

ಗುಚ್ಛದ ಪ್ರಭಾವವು ನಡುವಣ ಕೃಷ್ಣವಿವರಕ್ಕಷ್ಟೇ ಸೀಮಿತವಲ್ಲ. ಹೊರಗಿನಿಂದ ಗುಚ್ಛದೊಳಕ್ಕೆ ವೇಗವಾಗಿ ನುಗ್ಗುವ ಗೆಲಾಕ್ಸಿಗೆ ಬಿಸಿ ಅನಿಲವು ಎದುರುಗಾಳಿಯಾಗುತ್ತದೆ. ಆ ಗಾಳಿಯ ಒತ್ತಡಕ್ಕೆ ಗೆಲಾಕ್ಸಿಯ ಸ್ವಂತ ಅನಿಲವು ಕಿತ್ತುಹೋಗಿ, ಲೋಳೆಮೀನಿನ ಎಳೆಗಳಂತೆ ಹಿಂದಕ್ಕೆ ಜೋತಾಡುತ್ತದೆ. 2017ರಲ್ಲಿ ಇಟಲಿಯ ಪೊಜ್ಜಿಯಾಂಟಿ ಮತ್ತು ಸಂಗಡಿಗರು ಇಂಥ ಏಳು ಗೆಲಾಕ್ಸಿಗಳನ್ನು ಪರೀಕ್ಷಿಸಿದಾಗ ಆರರಲ್ಲಿ ಕೃಷ್ಣವಿವರ ಎಚ್ಚೆತ್ತು ಉಣ್ಣುತ್ತಿತ್ತು. ಕಿತ್ತುಕೊಳ್ಳುವ ಗಾಳಿಯೇ ಸ್ವಲ್ಪ ಅನಿಲವನ್ನು ಒಳಗೂ ತಳ್ಳುತ್ತದೆಂದು ಅವರು ಇದನ್ನು ವಿವರಿಸಿದರು.

ಹತೋಟಿ ಸಡಿಲವಾದ ಗುಚ್ಛವೂ ಒಂದಿದೆ. 500 ಕೋಟಿಗೂ ಮಿಕ್ಕ ಜ್ಯೋತಿರ್ವರ್ಷ ದೂರದ ಫೀನಿಕ್ಸ್ ಗುಚ್ಛದ ನಡುವಣ ಗೆಲಾಕ್ಸಿಯಲ್ಲಿ ವರ್ಷಕ್ಕೆ ನೂರಾರು ಸೂರ್ಯರ ತೂಕದ ನಕ್ಷತ್ರಗಳು ಹುಟ್ಟುತ್ತಿರುವುದು 2012ರಲ್ಲಿ ವರದಿಯಾಯಿತು. ನಮ್ಮ ಆಕಾಶಗಂಗೆಯಲ್ಲಿ ಹುಟ್ಟುವುದು ವರ್ಷಕ್ಕೆ ಒಂದೆರಡು ಸೂರ್ಯರಷ್ಟು. ಕೃಷ್ಣವಿವರಗಳ ಅಂಕೆ ಇಲ್ಲದಿದ್ದರೆ ದೈತ್ಯ ಗೆಲಾಕ್ಸಿಗಳು ಈಗಿರುವುದಕ್ಕಿಂತ ಎಷ್ಟೋ ಪಾಲು ದೊಡ್ಡದಾಗಿ ಬೆಳೆದಿರುತ್ತಿದ್ದವು.

ಖೋಡದದ ಕಿವಿಗಳು

ಈ ಸಂಶೋಧನೆಯಲ್ಲಿ ಭಾರತದ ಕೊಡುಗೆ ಅಲ್ಪವಲ್ಲ. ಪುಣೆಯಿಂದ ಸುಮಾರು 80 ಕಿಲೋಮೀಟರು ದೂರದ ಖೋಡದ್ ಗ್ರಾಮದ ಸುತ್ತ, ಗೋವಿಂದ ಸ್ವರೂಪ್ ಅವರ ನೇತೃತ್ವದಲ್ಲಿ, ತಲಾ 45 ಮೀಟರ್ ವ್ಯಾಸದ 30 ರೇಡಿಯೋ ತಟ್ಟೆಗಳ ದೂರದರ್ಶಕ ನಿರ್ಮಾಣವಾಯಿತು. ಗುಳ್ಳೆಗಳಲ್ಲಿನ ಕಣಗಳು ವಯಸ್ಸಾದಂತೆ ಮೇಲಿನ ಶ್ರುತಿಗಳಲ್ಲಿ ಮೌನವಾಗಿ, ಕೆಳಗಿನ ಶ್ರುತಿಗಳಲ್ಲಿ ಮಾತ್ರ ಗುನುಗುತ್ತವೆ. ಅಂಥ ಮುದಿ ದನಿಯನ್ನು ಆಲಿಸುವುದರಲ್ಲಿ ಈ ದೂರದರ್ಶಕ ನಿಪುಣವಾದುದು.

39 ಕೋಟಿ ಜ್ಯೋತಿರ್ವರ್ಷ ದೂರದ, ಉರಗಧರ ನಕ್ಷತ್ರಪುಂಜದ ದಿಕ್ಕಿನ ಒಫಿಯೂಕಸ್ ಗುಚ್ಛದಲ್ಲಿ ಒಂದು ಬಾಗಿದ ಅಂಚು 2016ರಲ್ಲಿಯೇ ಕ್ಷ-ಕಿರಣ ಚಿತ್ರಗಳಲ್ಲಿ ಕಂಡಿತ್ತು. ಅದು ಗುಳ್ಳೆಯ ಗೋಡೆಯಾದರೆ ಅದನ್ನು ಊದಲು ಊಹೆಗೂ ಮೀರಿದ ಶಕ್ತಿ ಬೇಕಾದೀತೆಂದು ಆ ಸಾಧ್ಯತೆಯನ್ನು ಅಂದು ಬದಿಗಿಡಲಾಯಿತು. 2020ರಲ್ಲಿ ಖೋಡದದ ದತ್ತಾಂಶವೂ ಆಸ್ಟ್ರೇಲಿಯದ ಮರ್ಚಿಸನ್ ದೂರದರ್ಶಕದ ದತ್ತಾಂಶವೂ ಸೇರಿ, ಆ ಪೊಳ್ಳಿನೊಳಗೆ ಹಳೆಯ ರೇಡಿಯೋ ಕಣಗಳು ತುಂಬಿರುವುದನ್ನು ತೋರಿಸಿದವು. ಮರ್ಚಿಸನ್ನಿನ ಸಂಕೇತಗ್ರಾಹಕಗಳ ನಿರ್ಮಾಣದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಕೈವಾಡವಿದೆ. ಹದಿನೈದು ಆಕಾಶಗಂಗೆಗಳನ್ನು ಸಾಲಾಗಿ ಇಡಬಹುದಾದಷ್ಟು ದೊಡ್ಡ ಗುಳ್ಳೆ ಅದು. ಅದರ ಶಕ್ತಿ 2005ರಲ್ಲಿ ಕಂಡ ಉತ್ಪಾತದ ಐದು ಪಟ್ಟು. ಈಗ ಅಲ್ಲಿನ ಕೃಷ್ಣವಿವರ ಬಹುಮಟ್ಟಿಗೆ ಶಾಂತವಾಗಿದೆ. ಗುಚ್ಛದ ಅನಿಲವು ತುಳುಕಾಡಿ, ತಂಪಾದ ದಟ್ಟಭಾಗವು ಕೃಷ್ಣವಿವರದಿಂದ ಸರಿದುಹೋಗಿದೆ. ತಟ್ಟೆಯನ್ನೇ ಎತ್ತಿಕೊಂಡು ಹೋದಂತಾಗಿದೆ. ಗೋವಿಂದ ಸ್ವರೂಪ್ ಅವರು ಅದೇ 2020ರ ಸೆಪ್ಟೆಂಬರಿನಲ್ಲಿ ದಿವಂಗತರಾದರು. ಅವರು ನೆಟ್ಟ ಮರ ಫಲ ಕೊಡುತ್ತಲೇ ಇದೆ.

ಉಳಿದಿರುವ ಬಾಕಿ

ಒಟ್ಟು ಮೊತ್ತ ತಾಳೆಯಾದರೂ ಖಾತೆಯ ಒಂದು ನಮೂದು ಇನ್ನೂ ಅಸ್ಪಷ್ಟವಾಗಿದೆ. ಕಾರಂಜಿ ಚಿಮ್ಮುವುದು ಎರಡು ದಿಕ್ಕಿಗೆ. ಆದರೆ ಅನಿಲ ಬಿಸಿಯಾಗಿರುವುದು ಎಲ್ಲ ದಿಕ್ಕಿಗೂ. ಹಂಚುವವರು ಯಾರು? ಶಬ್ದದ ಅಲೆಗಳೇ, ಗುಳ್ಳೆಗಳು ಎಬ್ಬಿಸುವ ಕದಡೇ, ಗುಚ್ಛಗಳ ಘರ್ಷಣೆಯಿಂದಾಗುವ ತುಳುಕಾಟವೇ? ಇದನ್ನು ತಿಳಿಯಲು ಅನಿಲದ ವೇಗವನ್ನು ಅಳೆಯಬೇಕು. 2016ರ ಫೆಬ್ರುವರಿಯಲ್ಲಿ ಜಪಾನು ಹಾರಿಸಿದ ಹಿಟೋಮಿ ಉಪಗ್ರಹವು ಪರ್ಸಿಯಸ್ಸಿನ ಕಬ್ಬಿಣದ ಗೆರೆಗಳನ್ನು ಓದಿ, ಅಲ್ಲಿನ ಕದಡು ಸೆಕೆಂಡಿಗೆ ಸುಮಾರು 164 ಕಿಲೋಮೀಟರ್ ಮಾತ್ರವೆಂದು ತಿಳಿಸಿತು. ಇಷ್ಟು ಪ್ರಚಂಡ ಶಕ್ತಿಯ ನಡುವೆಯೂ ಅನಿಲ ಅಷ್ಟು ಸೌಮ್ಯವಾಗಿರುವುದು ಎಲ್ಲರಿಗೂ ಅಚ್ಚರಿ ತಂದಿತು. ಮಾರ್ಚ್ ತಿಂಗಳು ಮುಗಿಯುವುದರೊಳಗೆ ಹಿಟೋಮಿ ಹತೋಟಿ ತಪ್ಪಿ ಗಿರಗಿರನೆ ತಿರುಗಿ ಒಡೆದುಹೋಯಿತು. ವರ್ಷಗಳ ಶ್ರಮ ಐದಾರು ವಾರಗಳಲ್ಲಿ ಮುಗಿಯಿತು. ಆದರೂ ಎದೆಗುಂದದೆ ಮತ್ತೆ ಕಟ್ಟಿ, 2023ರ ಸೆಪ್ಟೆಂಬರ್ 7ರಂದು ಕ್ರಿಸಂ ಎಂಬ ಹೊಸ ಉಪಗ್ರಹವನ್ನು ಹಾರಿಸಿದರು. ಅದು ಸೆಂಟಾರಸ್ ಗುಚ್ಛದಲ್ಲಿ ಅನಿಲವು ಪಾತ್ರೆಯ ನೀರಿನಂತೆ ತುಳುಕಾಡುತ್ತಿರುವುದನ್ನು ಅಳೆದಿದೆ. ಹಂಚಿಕೆಯಲ್ಲಿ ಈ ತುಳುಕಾಟಕ್ಕೂ ಪಾಲಿರಬಹುದೆಂಬ ವಿಚಾರಕ್ಕೆ ಇದರಿಂದ ಬಲ ಬಂದಿದೆ.

ವಿಶಾಖಪಟ್ಟಣದ ಜಗ್ಗರಾವು ಅವರಿಂದ ಖೋಡದದ ಗೋವಿಂದ ಸ್ವರೂಪರವರೆಗೆ, ಗುಂಟೂರಿನ ಗ್ರಹಣದಿಂದ ಹಿಟೋಮಿಯ ಅಳಿವಿನವರೆಗೆ, ಈ ಖಾತೆಯನ್ನು ಬರೆಯುತ್ತ ಬಂದವರಲ್ಲಿ ಅನೇಕರು ಅದರ ಕೊನೆಯ ಪುಟವನ್ನು ಕಾಣಲಿಲ್ಲ. ಅವರು ಬರೆದಿಟ್ಟ ಪುಟಗಳಿಂದಲೇ ಇಂದು ಒಂದು ಮಾತು ತಿಳಿದಿದೆ. ಕಿರಿದು ಹಿರಿದನ್ನು ಕಾಯುತ್ತದೆ, ಹಿರಿದು ಕಿರಿದಕ್ಕೆ ಉಣಿಸುತ್ತದೆ. ಮಿತಿ ಮೀರಿದಾಗ ಒಂದು ಇನ್ನೊಂದನ್ನು ತಡೆಯುತ್ತದೆ. ನಮ್ಮ ಆಕಾಶಗಂಗೆಯ ನಡುವೆಯೂ 40 ಲಕ್ಷ ಸೂರ್ಯರ ತೂಕದ ಒಂದು ಕೃಷ್ಣವಿವರ ಸದ್ಯಕ್ಕೆ ಸದ್ದಿಲ್ಲದೆ ಇದೆ. ಕಡಲತೀರದಲ್ಲಿ ನಿಂತು ಬೇಸಗೆಯ ಇರುಳಿನಲ್ಲಿ ಕನ್ಯಾರಾಶಿಯ ಚಿತ್ರಾ ನಕ್ಷತ್ರವನ್ನು ಗುರುತಿಸುವವರು, ಅದೇ ರಾಶಿಯ ಕತ್ತಲೆಯೊಳಗೆ ಒಂದು ರಾಗಿಯ ಕಾಳು ತನ್ನ ದೇಶವನ್ನು ಬೆಚ್ಚಗಿಟ್ಟಿದೆಯೆಂದು ನೆನೆಯಬಹುದು.